ಕೈ ಎತ್ತಲಾಗದವರ ಭುಜ: ಪರೀಕ್ಷೆಯನ್ನು ನಾನು ಎರಡನೆಯ ಸಲ ಕಲಿತದ್ದು

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ 61 ದಿನಗಳಲ್ಲಿ ಮಲ್ಪೆ ರಸ್ತೆಯ ಬದಿಯಲ್ಲಿರುವ ನನ್ನ ಚಿಕ್ಕ ಫಿಸಿಯೋಥೆರಪಿ ಕೇಂದ್ರದ ಬೆಂಚು ಖಾಲಿಯಾಗುವುದೇ ಇಲ್ಲ. ಉಳಿದ ಹತ್ತು ತಿಂಗಳು ನೋವನ್ನು ನುಂಗಿಕೊಂಡು ಬಲೆ ಎಳೆದವರು, ಮಂಜುಗಡ್ಡೆ ತುಂಬಿದ ಪೆಟ್ಟಿಗೆ ಹೊತ್ತವರು, ಬೋಟು ದಡ ಸೇರಿದ ಮೇಲೆ ಸೊಂಟವನ್ನೋ ಮೊಣಕಾಲನ್ನೋ ಭುಜವನ್ನೋ ತೋರಿಸಲು ಬರುತ್ತಾರೆ. ಭುಜದ ಪರೀಕ್ಷೆಯ ಬಗ್ಗೆ ನಾನು ಇಂದು ಖಚಿತವಾಗಿ ಹೇಳಬಲ್ಲುದರಲ್ಲಿ ಹೆಚ್ಚಿನದನ್ನು ಅಂಥದೊಂದು ಮಳೆಗಾಲದಲ್ಲಿ ಬಂದ ಒಬ್ಬ ಮೀನುಗಾರರಿಂದ, ಅವರಿಗೆ ನಷ್ಟವಾದ ಮೇಲೆ, ಕಲಿತೆ.

ಅವರಿಗೆ ಐವತ್ತು ದಾಟಿತ್ತು, ಸಕ್ಕರೆ ಕಾಯಿಲೆಯೂ ಇತ್ತು. ಬಲಗೈಯನ್ನು ಎದೆಯ ಎತ್ತರಕ್ಕೂ ತರಲಾಗುತ್ತಿರಲಿಲ್ಲ. ಕೈಯಲ್ಲಿದ್ದ ಚೀಟಿಯಲ್ಲಿ 'ಫ್ರೋಜನ್ ಶೋಲ್ಡರ್', ಎಂದರೆ ಭುಜದ ಕೀಲು ಬಿಗಿದುಕೊಂಡಿದೆ, ಎಂದು ಬರೆದಿತ್ತು. ವಯಸ್ಸು, ಸಕ್ಕರೆ ಕಾಯಿಲೆ, ಮೇಲೇಳದ ಕೈ ಈ ಮೂರೂ ಆ ಹೆಸರಿಗೆ ಹೊಂದುತ್ತಿದ್ದುದರಿಂದ ನಾನು ಮುಂದೆ ಕೇಳಲಿಲ್ಲ. ಐದು ವಾರ ಬಿಸಿ ಕೊಟ್ಟೆ, ರಾಟೆಗೆ ಹಗ್ಗ ಕಟ್ಟಿ ಕೈ ಎಳೆಸಿದೆ, ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸಿದೆ. ನೋವು ಸ್ವಲ್ಪ ತಗ್ಗಿತೇ ಹೊರತು ಕೈ ಮೇಲೇಳಲಿಲ್ಲ. ಆರನೆಯ ವಾರ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಬಂದಿದ್ದಾಗ ಈ ರೋಗಿಯನ್ನು ಅವರಿಗೆ ತೋರಿಸಿದೆ. ಅವರು ರೋಗಿಯನ್ನು ಅಂಗಾತ ಮಲಗಿಸಿ, ಮೊಣಕೈಯನ್ನು ಪಕ್ಕೆಗೆ ತಾಗಿಸಿ 90 ಡಿಗ್ರಿಗೆ ಮಡಚಿ, ಮುಂಗೈಯನ್ನು ನಿಧಾನವಾಗಿ ಹೊರಕ್ಕೆ ತಿರುಗಿಸಿದರು. ಅದು ಎಡಗೈಯಷ್ಟೇ ಸಲೀಸಾಗಿ ತಿರುಗಿತು. ಬಳಿಕ ಅದೇ ಕೈಯನ್ನು ತಾವೇ ಹಿಡಿದು ಮೇಲಕ್ಕೆತ್ತಿದಾಗ ಅದು ಕಿವಿಯ ಪಕ್ಕದವರೆಗೂ ಹೋಯಿತು. ಕೂರಿಸಿ, ಕೈಯನ್ನು ಭುಜದ ಮಟ್ಟಕ್ಕೆ ಎತ್ತಿ, 'ಹಿಡಿದುಕೊಳ್ಳಿ' ಎಂದು ಬಿಟ್ಟಾಗ ಕೈ ಧೊಪ್ಪನೆ ತೊಡೆಯ ಮೇಲೆ ಬಿತ್ತು. ಇಷ್ಟಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಕೀಲು ಬಿಗಿದಿರಲೇ ಇಲ್ಲ, ಕೈಯನ್ನು ಎತ್ತಬೇಕಾದ ಸ್ನಾಯುರಜ್ಜು, ಎಂದರೆ ಸ್ನಾಯುವನ್ನು ಮೂಳೆಗೆ ಬಿಗಿಯುವ ನಾರು, ಹರಿದಿತ್ತು. ನೋವು ಯಾವಾಗ ಶುರುವಾಯಿತೆಂದು ಕೇಳಿದಾಗ, ಏಪ್ರಿಲಿನಲ್ಲಿ ಒದ್ದೆ ಹಲಗೆಯ ಮೇಲೆ ಜಾರಿ ಬೀಳುವಾಗ ಹಗ್ಗ ಹಿಡಿದುಕೊಂಡ ಸಂಗತಿಯನ್ನು ಅವರೇ ಹೇಳಿದರು. ಐದು ವಾರದಲ್ಲಿ ನಾನು ಅದನ್ನು ಕೇಳಿರಲಿಲ್ಲ.

ಬಿದ್ದ ಪೆಟ್ಟಿನಿಂದ ಹರಿದ ರಜ್ಜನ್ನು ಬೇಗನೆ ಹೊಲಿದಷ್ಟೂ ಒಳ್ಳೆಯದು. ತಡವಾದರೆ ತುದಿ ಒಳಕ್ಕೆ ಸರಿಯುತ್ತದೆ, ಸ್ನಾಯು ಸೊರಗಿ ಅದರೊಳಗೆ ಕೊಬ್ಬು ಸೇರಿಕೊಳ್ಳುತ್ತದೆ. ನಾನು ಕಳೆದದ್ದು ಆ ಅಮೂಲ್ಯ ವಾರಗಳನ್ನು.

ಓದಿದ ಅಂಗರಚನಾಶಾಸ್ತ್ರ ನನಗೆ ಮರೆತಿರಲಿಲ್ಲ, ಆದರೆ ಅದು ಕೈಗೆ ಇಳಿದಿರಲಿಲ್ಲ. ತೋಳಿನ ಹ್ಯೂಮರಸ್ ಮೂಳೆಯ ದುಂಡು ತಲೆ ಕುಳಿತಿರುವ ಹೆಗಲೆಲುಬಿನ ಗ್ಲೀನಾಯ್ಡ್ ಗುಳಿ ಎಷ್ಟು ಚಿಕ್ಕದು, ಎಷ್ಟು ಆಳವಿಲ್ಲದ್ದು ಎಂದರೆ, ಎಳನೀರಿನ ಬೊಂಡವೊಂದನ್ನು ಸಾಸರಿನ ಮೇಲೆ ಅಡ್ಡ ಇಟ್ಟಂತೆ. ಅದು ಜಾರದಂತೆ ಹಿಡಿದಿಡುವುದು ಮುಖ್ಯವಾಗಿ ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರೀಸ್ ಮೈನರ್ ಮತ್ತು ಸಬ್‌ಸ್ಕಾಪ್ಯುಲಾರಿಸ್ ಎಂಬ ನಾಲ್ಕು ಸ್ನಾಯುಗಳು. ಇವುಗಳ ರಜ್ಜುಗಳು ಒಂದಕ್ಕೊಂದು ಬೆಸೆದು ತಲೆಯನ್ನು ಸುತ್ತುವರಿದ ಪಟ್ಟಿಯೇ ರೊಟೇಟರ್ ಕಫ್. ಡೆಲ್ಟಾಯ್ಡ್ ಎಂಬ ದೊಡ್ಡ ಸ್ನಾಯು ತೋಳನ್ನು ಮೇಲಕ್ಕೆ ಎಳೆಯುವಾಗ ಈ ಪಟ್ಟಿ ತಲೆಯನ್ನು ಗುಳಿಗೆ ಒತ್ತಿ ಹಿಡಿಯದಿದ್ದರೆ, ತೋಳು ಏಳುವ ಬದಲು ತಲೆಯೇ ಮೇಲಕ್ಕೆ ಜಾರಿ ಭುಜದ ತುದಿಯ ಅಕ್ರೋಮಿಯನ್ ಮೂಳೆಗೆ ಒತ್ತುತ್ತದೆ. ಆ ಮೀನುಗಾರರು ಕೈ ಎತ್ತಲು ಹೋದಾಗಲೆಲ್ಲ ಭುಜವನ್ನು ಕಿವಿಯತ್ತ ಏರಿಸುತ್ತಿದ್ದುದು ಇದರಿಂದಲೇ. ಫ್ರೋಜನ್ ಶೋಲ್ಡರಿನಲ್ಲಿಯೂ ಹೀಗೆ ಭುಜ ಮೇಲೇರುತ್ತದೆ, ಆದುದರಿಂದ ದೂರದಿಂದ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ.

ಅವೆರಡನ್ನು ಬೇರ್ಪಡಿಸುವುದು ಹೊರತಿರುಗು, ಎಂದರೆ ಮೊಣಕೈಯನ್ನು ಪಕ್ಕೆಗೆ ತಾಗಿಸಿ ಮುಂಗೈಯನ್ನು ಹೊರಕ್ಕೆ ತಿರುಗಿಸುವ ಚಲನೆ. ಫ್ರೋಜನ್ ಶೋಲ್ಡರಿನಲ್ಲಿ ಕೀಲಿನ ಚೀಲವೇ ದಪ್ಪವಾಗಿ ಕುಗ್ಗುತ್ತದೆ, ಅದರಲ್ಲಿಯೂ ಮುಂಭಾಗದ ಕೊರಾಕೊ-ಹ್ಯೂಮರಲ್ ಅಸ್ಥಿಬಂಧ ಬಿಗಿಯುತ್ತದೆ. ಕೈ ಪಕ್ಕೆಯಲ್ಲಿರುವಾಗ ಹೊರತಿರುಗನ್ನು ತಡೆಯುವುದು ಅದೇ ಬಂಧವಾದುದರಿಂದ ಮೊದಲು ಮತ್ತು ಹೆಚ್ಚು ಕುಂದುವ ಚಲನೆ ಅದು. ರೋಗಿ ತಾನೇ ತಿರುಗಿಸಿದರೂ ನಾನು ತಿರುಗಿಸಿದರೂ ಕೈ ಒಂದೇ ಕಡೆ ನಿಲ್ಲುತ್ತದೆ. ಹರಿದ ರಜ್ಜಿನಲ್ಲಿ ಹಾಗಲ್ಲ: ರೋಗಿ ತಿರುಗಿಸಿದ್ದಕ್ಕಿಂತ ನಾನು ತಿರುಗಿಸಿದ್ದು ಹೆಚ್ಚು, ರೋಗಿ ಎತ್ತಿದ್ದಕ್ಕಿಂತ ನಾನು ಎತ್ತಿದ್ದು ಹೆಚ್ಚು. ರೋಗಿಯ ಚಲನೆಗೂ ನನ್ನ ಕೈಯ ಚಲನೆಗೂ ಇರುವ ಈ ಅಂತರವನ್ನು ಅಳೆಯದೆ ಭುಜದ ನೋವಿಗೆ ಹೆಸರಿಡಬಾರದು ಎಂಬ ನಿಯಮವನ್ನು ನಾನು ಅಂದಿನಿಂದ ಒಂದು ದಿನವೂ ಮುರಿದಿಲ್ಲ. ಹಾಗೆಂದು ಹೊರತಿರುಗು ಕುಂದಿದ್ದೆಲ್ಲವೂ ಫ್ರೋಜನ್ ಶೋಲ್ಡರ್ ಅಲ್ಲ. ಕೀಲಿನ ಸವೆತದಲ್ಲಿಯೂ, ಅಪಸ್ಮಾರದ ಸೆಳೆತದಿಂದಲೋ ವಿದ್ಯುತ್ ಆಘಾತದಿಂದಲೋ ತಲೆ ಹಿಂದಕ್ಕೆ ಜಾರಿ ಅಲ್ಲೇ ಉಳಿದಾಗಲೂ ಅದು ನಿಲ್ಲುತ್ತದೆ. ಆದುದರಿಂದ ಎಕ್ಸ್-ರೇ ನೋಡದೆ ನಾನು ಕೈ ಎಳೆಯುವುದಿಲ್ಲ.

ಈಗ ನಾನು ಪರೀಕ್ಷೆ ಮಾಡುವ ಕ್ರಮವನ್ನು ಹೇಳುತ್ತೇನೆ. ಬ್ರಿಟಿಷ್ ಮೂಳೆತಜ್ಞ ಅಲನ್ ಏಪ್ಲಿ ಕಲಿಸಿದ 'ನೋಡು, ಮುಟ್ಟು, ಚಲಿಸು' ಎಂಬ ಸೂತ್ರವೇ ಅದರ ಬೆನ್ನೆಲುಬು. ಆದರೆ ಅದಕ್ಕೂ ಮೊದಲು ಮಾತು. ಎಲ್ಲಿ ನೋವು ಎಂದು ಕೇಳಿದಾಗ ರೋಗಿಯ ಇನ್ನೊಂದು ಕೈ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಗಮನಿಸುತ್ತೇನೆ. ಭುಜದ ಕೀಲಿನ ನೋವಿರುವವರು ಸಾಮಾನ್ಯವಾಗಿ ರಟ್ಟೆಯ ಹೊರಬದಿಯನ್ನು ಅಂಗೈಯಿಂದ ಸವರುತ್ತಾರೆ, ಕುತ್ತಿಗೆಯ ನೋವಿರುವವರು ಕುತ್ತಿಗೆಗೂ ಭುಜಕ್ಕೂ ನಡುವಿನ ಮಾಂಸವನ್ನೋ ಹೆಗಲೆಲುಬಿನ ಒಳ ಅಂಚನ್ನೋ ಹಿಡಿಯುತ್ತಾರೆ, ಅಕ್ರೋಮಿಯನ್ ಮತ್ತು ಕೊರಳೆಲುಬು ಸೇರುವ ಕೀಲಿನ ನೋವಿಗೆ ಒಂದೇ ಬೆರಳು ಸಾಕಾಗುತ್ತದೆ. 'ಓಲು ಬೇನೆ' ಎಂದು ತುಳುವಿನಲ್ಲಿ ಕೇಳಿದಾಗ ಬರುವ ಉತ್ತರ ಹೆಚ್ಚು ಬಿಚ್ಚುಮನಸ್ಸಿನದು ಎಂಬುದೂ ನನ್ನ ಅನುಭವ. ಮಹಿಳೆಯರಲ್ಲಿ ಎರಡು ಪ್ರಶ್ನೆ ತಪ್ಪದೆ ಕೇಳುತ್ತೇನೆ: ತಲೆ ಬಾಚಿ ಮಲ್ಲಿಗೆ ಮುಡಿಯಲು ಆಗುತ್ತದೆಯೇ, ಬೆನ್ನ ಹಿಂದೆ ಕೈ ಹಾಕಿ ಒಳಉಡುಪಿನ ಹುಕ್ಕು ಹಾಕಲು ಆಗುತ್ತದೆಯೇ. ಮೊದಲನೆಯದಕ್ಕೆ ಹೊರತಿರುಗೂ ಎರಡನೆಯದಕ್ಕೆ ಒಳತಿರುಗೂ ಬೇಕು. ಗಂಡಸರನ್ನು ಬಾವಿಯಿಂದ ನೀರು ಸೇದುವ ಬಗ್ಗೆ, ಹಿಂದಿನ ಕಿಸೆಯಿಂದ ಪರ್ಸ್ ತೆಗೆಯುವ ಬಗ್ಗೆ ಕೇಳುತ್ತೇನೆ. ನೋವಿನ ಬದಿಗೆ ಮಲಗಿ ನಿದ್ದೆ ಮಾಡಬಲ್ಲರೇ ಎಂಬ ಪ್ರಶ್ನೆ ಎಲ್ಲರಿಗೂ ಉಂಟು.

ನೋಡುವುದು ಎಂದರೆ ಅಂಗಿ ತೆಗೆಸಿ, ಹಿಂದಿನಿಂದ ನೋಡುವುದು. ಎದುರಿನಿಂದ ಮಾತ್ರ ನೋಡುತ್ತಿದ್ದುದು ನನ್ನ ಹಳೆಯ ದೋಷ. ಹೆಗಲೆಲುಬಿನ ಅಡ್ಡಗೆರೆಯ ಮೇಲೂ ಕೆಳಗೂ ಮಾಂಸ ಇಳಿದು ತಗ್ಗಾಗಿದ್ದರೆ ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್ ಸೊರಗಿವೆ ಎಂದು ಅರ್ಥ, ಅದು ಹಿಂದಿನಿಂದಷ್ಟೇ ಕಾಣುತ್ತದೆ. ಎರಡೂ ಕೈಗಳನ್ನು ಒಟ್ಟಿಗೆ ಎತ್ತಲು ಹೇಳಿ ಹೆಗಲೆಲುಬುಗಳ ನಡೆಯನ್ನು ನೋಡುತ್ತೇನೆ. ತೋಳು 180 ಡಿಗ್ರಿ ಏರುವಾಗ ಸುಮಾರು 120 ಭುಜದ ಕೀಲಿನಿಂದ, 60 ಹೆಗಲೆಲುಬಿನ ತಿರುಗುವಿಕೆಯಿಂದ ಬರುತ್ತದೆ. ಬಿಗಿದ ಕೀಲಿನಲ್ಲಿ ಹೆಗಲೆಲುಬು ಅವಸರಪಟ್ಟು ಮೊದಲೇ ಹೊರಟುಬಿಡುತ್ತದೆ. 60ರಿಂದ 120 ಡಿಗ್ರಿಯ ನಡುವೆ ಮಾತ್ರ ಮುಖ ಹಿಂಡಿ ಆಮೇಲೆ ಸಡಿಲಗೊಂಡರೆ, ನೋವು ಅಕ್ರೋಮಿಯನ್ ಕೆಳಗಿನ ರಜ್ಜಿನದೋ ಅಲ್ಲಿನ ಬರ್ಸಾ ಎಂಬ ತೆಳು ಚೀಲದ್ದೋ ಇರಬೇಕೆಂದು ಊಹಿಸುತ್ತೇನೆ. ಊಹೆ ಎಂದೇ ಬರೆದುಕೊಳ್ಳುತ್ತೇನೆ.

ಮುಟ್ಟುವಾಗ ನನ್ನ ಬೆರಳು ಎದೆಯ ಮೇಲಿನ ಗುಳಿಯಿಂದ ಹೊರಟು, ಕೊರಳೆಲುಬಿನ ಉದ್ದಕ್ಕೂ ಸಾಗಿ, ಅದರ ತುದಿಯ ಸಣ್ಣ ಮೆಟ್ಟಿಲನ್ನು ದಾಟಿ ಅಕ್ರೋಮಿಯನ್ ಮೇಲೆ ನಿಲ್ಲುತ್ತದೆ. ಸುಪ್ರಾಸ್ಪೈನೇಟಸ್ ರಜ್ಜು ಅದರ ಕೆಳಗೆ ಅಡಗಿರುವುದರಿಂದ ಕೈ ಇಳಿಬಿಟ್ಟಿರುವಾಗ ಸರಿಯಾಗಿ ಸಿಗದು. ರೋಗಿಯ ಮುಂಗೈಯನ್ನು ಬೆನ್ನ ಹಿಂದೆ ಇಡಿಸಿದರೆ ರಜ್ಜು ಅಕ್ರೋಮಿಯನ್ ಮುಂದಿನ ಅಂಚಿನಿಂದ ಹೊರಬರುತ್ತದೆ. ಅಲ್ಲಿ ಬೆರಳಿಟ್ಟು, ಇನ್ನೊಂದು ಕೈಯಿಂದ ತೋಳನ್ನು ಅತ್ತಿತ್ತ ಸ್ವಲ್ಪವೇ ತಿರುಗಿಸುತ್ತಾ ಹೋದರೆ, ಮೂಳೆಯ ಉಬ್ಬು ಬೆರಳಿನಡಿ ಉರುಳುವುದು ತಿಳಿಯುತ್ತದೆ. ದೊಡ್ಡದಾಗಿ ಹರಿದಿದ್ದರೆ, ತೆಳ್ಳಗಿನ ಮೈಯವರಲ್ಲಿ, ಉಬ್ಬಿನ ಪಕ್ಕದಲ್ಲಿ ಬೆರಳು ತುಸು ಕುಸಿದಂತಾಗುತ್ತದೆ. ಇದನ್ನು ಕಲಿಯಲು ನಾನು ವರ್ಷಗಟ್ಟಲೆ ಪ್ರತಿ ರೋಗಿಯ ನೋವಿಲ್ಲದ ಭುಜವನ್ನೂ ಅನುಮತಿ ಕೇಳಿ ಮುಟ್ಟಿದ್ದೇನೆ. ಸರಿಯಿರುವ ಭುಜವನ್ನು ಸಾವಿರ ಸಲ ಮುಟ್ಟದ ಬೆರಳಿಗೆ ಕೆಟ್ಟಿರುವುದು ತಿಳಿಯುವುದಿಲ್ಲ.

ಅಳತೆಗೆ ಗೋನಿಯೋಮೀಟರ್ ಎಂಬ ಕೋನ ಅಳೆಯುವ ಸಾಧನ ಬಳಸುತ್ತೇನೆ. ಮೊಣಕೈಯ ಕೆಳಗೆ ಮಡಚಿದ ಟವೆಲ್ ಇಟ್ಟು, ಮೊಣಕೈಯ ಮೂಳೆತುದಿಯಲ್ಲಿ ಅದರ ಕೇಂದ್ರವನ್ನಿಟ್ಟು, ಸಾಧನದ ಒಂದು ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಇನ್ನೊಂದನ್ನು ಮುಂಗೈಯ ಗುಂಟ ಸರಿಸುತ್ತೇನೆ. ಐದು ಡಿಗ್ರಿಯ ಬದಲಾವಣೆಯನ್ನು ಸುಧಾರಣೆ ಎಂದು ಬರೆಯುವುದಿಲ್ಲ, ಕೈಯ ಅಳತೆಯಲ್ಲಿ ಅಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಸಹಜ ಹೊರತಿರುಗು ಒಬ್ಬರಿಂದೊಬ್ಬರಿಗೆ ಬಹಳ ಬೇರೆಯಾಗುವುದರಿಂದ ರೋಗಿಯ ಇನ್ನೊಂದು ಭುಜವೇ ನನ್ನ ಮಾನದಂಡ. ಸಕ್ಕರೆ ಕಾಯಿಲೆಯವರಲ್ಲಿ ಮಾತ್ರ ಈ ಮಾನದಂಡವನ್ನೂ ಪೂರ್ತಿ ನಂಬಲಾಗದು, ಏಕೆಂದರೆ ಅವರಲ್ಲಿ ಎರಡೂ ಭುಜಗಳು ಬಿಗಿಯುವುದು ಅಪರೂಪವಲ್ಲ.

ಕುತ್ತಿಗೆಯನ್ನು ನೋಡದೆ ಭುಜದ ಪರೀಕ್ಷೆ ಮುಗಿಯುವುದಿಲ್ಲ. ಮಂಗಳೂರಿನ ಹೊರವಲಯದಿಂದ ಬಂದ ಬೀಡಿ ಕಟ್ಟುವ ಮಹಿಳೆಯೊಬ್ಬರು ಬೆಂಚಿನಲ್ಲಿ ಕಾಯುತ್ತಿದ್ದಾಗಲೇ ನೋಯುವ ಕೈಯನ್ನು ತಲೆಯ ಮೇಲಿಟ್ಟುಕೊಂಡಿದ್ದರು. ಹಾಗಿಟ್ಟರೆ ಮಾತ್ರ ಸಮಾಧಾನ ಎಂದರು. ಭುಜದ ರಜ್ಜು ಕೆಟ್ಟವರಿಗೆ ಆ ಭಂಗಿಯೇ ಶಿಕ್ಷೆ. ಅದರಿಂದ ಹಾಯೆನಿಸುವುದು ಕುತ್ತಿಗೆಯ ನರಬೇರು ಒತ್ತಿದವರಿಗೆ, ಏಕೆಂದರೆ ಕೈ ಮೇಲಿದ್ದಾಗ ನರದ ಎಳೆತ ಸಡಿಲವಾಗುತ್ತದೆ. ಗೆರಸೆಯನ್ನು ಮಡಿಲಲ್ಲಿಟ್ಟು ದಿನವಿಡೀ ತಲೆ ಬಗ್ಗಿಸಿ ಕೂರುವ ಅವರ ಭುಜದ ಚಲನೆ ಪೂರ್ಣವಾಗಿತ್ತು, ಆದರೆ ತೋಳಿನ ಹೊರಬದಿಯ ಚರ್ಮ ಮಂದವಾಗಿತ್ತು ಮತ್ತು ಬೈಸೆಪ್ಸ್ ಪ್ರತಿವರ್ತನೆ ಇನ್ನೊಂದು ಬದಿಗಿಂತ ಕಡಿಮೆಯಿತ್ತು. ಐದನೆಯ ಕುತ್ತಿಗೆ ನರಬೇರನ್ನು ಹುಡುಕಲು ಅಷ್ಟು ಸಾಕಾಯಿತು. ಭುಜವನ್ನು ಹೇಗೆ ತಿರುಗಿಸಿದರೂ ನೋವು ಹೆಚ್ಚೂ ಆಗದೆ ಕಡಿಮೆಯೂ ಆಗದಿದ್ದರೆ ನನ್ನ ಕೈ ಅಲ್ಲಿಗೆ ನಿಲ್ಲುತ್ತದೆ. ಎದೆ-ಹೊಟ್ಟೆಯ ನಡುವಿನ ವಪೆಯ ನರ, ಭುಜದ ತುದಿಗೂ ನರ ಕೊಡುವ ಕುತ್ತಿಗೆಯ ಮೂರು, ನಾಲ್ಕು, ಐದನೆಯ ಬೇರುಗಳಿಂದ ಬರುವುದರಿಂದ ಪಿತ್ತಕೋಶದ ಉರಿಯೂತ ಬಲಭುಜದ ತುದಿಯಲ್ಲಿ ನೋಯಬಹುದು. ಹೃದಯದ ನೋವೂ ಎಡತೋಳಿಗೆ ಇಳಿಯಬಹುದು. ಅಂಥವರನ್ನು ಅದೇ ಗಂಟೆಯಲ್ಲಿ ವೈದ್ಯರ ಬಳಿ ಕಳುಹಿಸುತ್ತೇನೆ, ಮರುದಿನಕ್ಕೆ ಬಿಡುವುದಿಲ್ಲ.

ನನ್ನ ಕಡತದಲ್ಲಿ ಈಗ ಪ್ರತಿ ರೋಗಿಗೂ ನಾಲ್ಕು ಕಾಲಂಗಳಿವೆ: ಎಡ ಮತ್ತು ಬಲ, ರೋಗಿ ಮಾಡಿದ್ದು ಮತ್ತು ನಾನು ಮಾಡಿದ್ದು. ರೋಗಿ ತಂದ ಚೀಟಿಯಲ್ಲಿರುವ ರೋಗದ ಹೆಸರನ್ನು ಈ ನಾಲ್ಕು ತುಂಬಿದ ಮೇಲಷ್ಟೇ ಓದುತ್ತೇನೆ.

ಆ ಮೀನುಗಾರರ ರಜ್ಜನ್ನು ಆ ಆಗಸ್ಟಿನಲ್ಲಿ ಹೊಲಿದರು. ತುದಿ ಹಿಂದೆ ಸರಿದಿದ್ದರಿಂದ ಪೂರ್ತಿ ಮುಚ್ಚಲಾಗಲಿಲ್ಲವೆಂದು ಶಸ್ತ್ರಚಿಕಿತ್ಸಕರು ತಿಳಿಸಿದರು. ನಾನು ಅವರ ಮನೆಗೆ ಹೋಗಿ ನನ್ನಿಂದ ಆದ ತಪ್ಪನ್ನು ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ ವ್ಯಾಯಾಮ ಎಂದಿನಿಂದ ಶುರು ಎಂದು ಕೇಳಿದರು. ಈಗಲೂ ಪ್ರತಿ ಜೂನಿನಲ್ಲಿ ಬರುತ್ತಾರೆ. ಕಳೆದ ಸಲ ಅಳೆದಾಗ ಬಲಗೈಯನ್ನು ತಾವೇ 130 ಡಿಗ್ರಿಯವರೆಗೆ ಎತ್ತಿ, ನಾನು ಹತ್ತು ಎಣಿಸುವಷ್ಟು ಹೊತ್ತು ಹಿಡಿದು ನಿಲ್ಲಿಸಿದರು. ಬೋಟಿಗೆ ಹೋಗುವುದನ್ನು ಬಿಟ್ಟಿದ್ದಾರೆ, ಬೋಟುಗಳು ನಿಲ್ಲುವ ದಕ್ಕೆಯಲ್ಲಿ ಕುಳಿತು ಹರಿದ ಬಲೆಗಳನ್ನು ಹೆಣೆಯುತ್ತಾರೆ.