ಜೋಡಿ ಚಕ್ರದ ರಾಟೆಯ ಲೆಕ್ಕ ಬಿಡಿಸುವ ಕ್ರಮ

ಒಂದೇ ಅಚ್ಚಿನ ಮೇಲೆ ಒಟ್ಟಿಗೆ ತಿರುಗುವಂತೆ ಬೆಸೆದ ಎರಡು ಚಕ್ರಗಳ ರಾಟೆಯನ್ನು ತೆಗೆದುಕೊಳ್ಳೋಣ. ದೊಡ್ಡ ಚಕ್ರದ ತ್ರಿಜ್ಯ 0.2 ಮೀಟರ್, ಚಿಕ್ಕದರದು 0.1 ಮೀಟರ್. ದೊಡ್ಡದಕ್ಕೆ ಸುತ್ತಿದ ಹಗ್ಗದಲ್ಲಿ 3 ಕೆಜಿಯ ಗುಂಡು ಎಡಕ್ಕೂ, ಚಿಕ್ಕದಕ್ಕೆ ಸುತ್ತಿದ ಹಗ್ಗದಲ್ಲಿ 2 ಕೆಜಿಯ ಗುಂಡು ಬಲಕ್ಕೂ ತೂಗುತ್ತಿವೆ. ತಿರುಗುವಿಕೆಗೆ ರಾಟೆ ಒಡ್ಡುವ ಜಡತ್ವ, ಅಂದರೆ ಪಿಯುಸಿ ತರಗತಿಯಲ್ಲಿ ಮೊಮೆಂಟ್ ಆಫ್ ಇನರ್ಷಿಯಾ ಎನ್ನುವ ಪರಿಮಾಣ, 0.056 ಕೆಜಿ ಚದರ ಮೀಟರ್. ಹಗ್ಗ ಜಾರುವುದಿಲ್ಲ, ಅದಕ್ಕೆ ತೂಕವಿಲ್ಲ, ಅಚ್ಚಿನಲ್ಲಿ ಘರ್ಷಣೆಯಿಲ್ಲ ಎಂದಿಟ್ಟುಕೊಳ್ಳಿ.

ಸೂತ್ರಕ್ಕೆ ಕೈ ಹಾಕುವ ಮುನ್ನ ರಾಟೆ ಯಾವ ಕಡೆಗೆ ತಿರುಗುತ್ತದೆ ಎಂಬುದನ್ನು ತೀರ್ಮಾನಿಸಬೇಕು. ತೂಕವನ್ನು (ದ್ರವ್ಯರಾಶಿಯನ್ನು ಗುರುತ್ವ ವೇಗೋತ್ಕರ್ಷ 9.8ರಿಂದ ಗುಣಿಸಿದ್ದು) ತ್ರಿಜ್ಯದಿಂದ ಗುಣಿಸಿದರೆ ತಿರುಗಿಸುವ ಪರಿಣಾಮ, ಅಂದರೆ ಟಾರ್ಕ್, ಎಡಕ್ಕೆ 5.88, ಬಲಕ್ಕೆ 1.96 ನ್ಯೂಟನ್ ಮೀಟರ್ ಬರುತ್ತದೆ. ಆದ್ದರಿಂದ ಎಡಗುಂಡು ಇಳಿಯುತ್ತದೆ, ಬಲಗುಂಡು ಏರುತ್ತದೆ. ಈ ದಿಕ್ಕನ್ನೇ ಧನವೆಂದು ಗುರುತಿಸಿ, ಕೊನೆಯವರೆಗೂ ಬದಲಿಸಬೇಡಿ.

ಎರಡು ಚಕ್ರಗಳೂ ಒಟ್ಟಿಗೆ ತಿರುಗುವುದರಿಂದ ಅವುಗಳ ಕೋನೀಯ ವೇಗೋತ್ಕರ್ಷ, ಅಂದರೆ ತಿರುಗುವ ವೇಗ ಹೆಚ್ಚುವ ದರ, ಒಂದೇ, ಆದರೆ ಗುಂಡುಗಳ ವೇಗೋತ್ಕರ್ಷ ಒಂದೇ ಅಲ್ಲ. ತಿರುಗುವ ಚಲನೆಗೂ ನೇರ ಚಲನೆಗೂ ಇರುವ ಕೊಂಡಿ ತ್ರಿಜ್ಯ: ಕೋನೀಯ ವೇಗೋತ್ಕರ್ಷವನ್ನು ಎಡಗುಂಡಿಗೆ 0.2ರಿಂದ, ಬಲಗುಂಡಿಗೆ 0.1ರಿಂದ ಗುಣಿಸಬೇಕು.

ಹಗ್ಗದ ಎಳೆತದ ವಿಷಯದಲ್ಲಿ ವಿದ್ಯಾರ್ಥಿಗಳು ಎಡವುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಎಳೆತವನ್ನು ತೂಕಕ್ಕೆ ಸಮವೆಂದು ಬರೆದುಬಿಡುತ್ತಾರೆ. ಬಾವಿಯಿಂದ ತುಂಬಿದ ಕೊಡವನ್ನು ಸರ್ರನೆ ಮೇಲೆಳೆದು ನೋಡಿ: ಕೊಡ ನಿಶ್ಚಲವಾಗಿ ತೂಗುತ್ತಿದ್ದಾಗ ಇದ್ದುದಕ್ಕಿಂತ ಹೆಚ್ಚಾಗಿ ಹಗ್ಗ ಅಂಗೈಯನ್ನು ಕೊರೆಯುತ್ತದೆ. ವೇಗ ಹೆಚ್ಚಿಸಿಕೊಳ್ಳುತ್ತಾ ಏರುವ ಗುಂಡಿನ ಹಗ್ಗದಲ್ಲಿ ಎಳೆತ ಅದರ ತೂಕಕ್ಕಿಂತ ಹೆಚ್ಚು, ಹಾಗೆಯೇ ಇಳಿಯುವುದರಲ್ಲಿ ಕಡಿಮೆ.

ಈಗ ಮೂರು ಸಮೀಕರಣಗಳನ್ನು ಬರೆಯಬಹುದು. ಎಡಗುಂಡಿಗೆ, ತೂಕದಿಂದ ಎಳೆತವನ್ನು ಕಳೆದರೆ ದ್ರವ್ಯರಾಶಿ ಮತ್ತು ವೇಗೋತ್ಕರ್ಷದ ಗುಣಲಬ್ಧ; ಬಲಗುಂಡಿಗೆ, ಎಳೆತದಿಂದ ತೂಕವನ್ನು ಕಳೆಯಬೇಕು; ರಾಟೆಗೆ, ಎರಡು ಎಳೆತಗಳ ಟಾರ್ಕ್‌ಗಳ ವ್ಯತ್ಯಾಸವು ಜಡತ್ವ ಮತ್ತು ಕೋನೀಯ ವೇಗೋತ್ಕರ್ಷದ ಗುಣಲಬ್ಧ. ಗುಂಡುಗಳ ಸಮೀಕರಣಗಳನ್ನು ಆಯಾ ತ್ರಿಜ್ಯದಿಂದ ಗುಣಿಸಿ ಮೂರನ್ನೂ ಕೂಡಿಸಿದರೆ ಎಳೆತಗಳು ತಾವಾಗಿ ಹೊರಟುಹೋಗುತ್ತವೆ. ಒಂದು ಕಡೆ ಉಳಿಯುವುದು 5.88ರಿಂದ 1.96 ಕಳೆದ 3.92, ಇನ್ನೊಂದು ಕಡೆ ಕೋನೀಯ ವೇಗೋತ್ಕರ್ಷವನ್ನು ಗುಣಿಸುವ 0.196; ಇದು ರಾಟೆಯ 0.056ಕ್ಕೆ, ಗುಂಡುಗಳ ದ್ರವ್ಯರಾಶಿಯನ್ನು ತ್ರಿಜ್ಯದ ವರ್ಗದಿಂದ ಗುಣಿಸಿ ಬರುವ 0.12 ಮತ್ತು 0.02 ಸೇರಿದ್ದು. ಭಾಗಿಸಿದರೆ ಕೋನೀಯ ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ 20 ರೇಡಿಯನ್. ಹಾಗಾಗಿ ಎಡಗುಂಡಿನ ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ 4 ಮೀಟರ್, ಬಲಗುಂಡಿನದು 2 ಮೀಟರ್. ಎಳೆತಗಳು ಕ್ರಮವಾಗಿ 17.4 ಮತ್ತು 23.6 ನ್ಯೂಟನ್. ಹಗುರವಾದ ಗುಂಡಿನ ಹಗ್ಗವೇ ಹೆಚ್ಚು ಬಿಗಿಯಾಗಿದೆ ಎಂಬುದು ಮೊದಲ ನೋಟಕ್ಕೆ ತಪ್ಪೆನಿಸಿದರೂ ಅದು ಸರಿಯೇ, ಏಕೆಂದರೆ ಅದು ಅರ್ಧದಷ್ಟೇ ತ್ರಿಜ್ಯದಲ್ಲಿ ಎಳೆಯುತ್ತಿದೆ.

ಉತ್ತರವನ್ನು ಶಕ್ತಿಯ ಲೆಕ್ಕದಿಂದ ತಾಳೆ ನೋಡದೆ ಬಿಡಬೇಡಿ. ನಿಶ್ಚಲ ಸ್ಥಿತಿಯಿಂದ ಹೊರಟ ಎಡಗುಂಡು 2 ಮೀಟರ್ ಇಳಿಯುವಷ್ಟರಲ್ಲಿ ಬಲಗುಂಡು 1 ಮೀಟರ್ ಏರಿರುತ್ತದೆ, ಒಟ್ಟಾರೆ 39.2 ಜೂಲ್‌ನಷ್ಟು ವಿಭವಶಕ್ತಿ ಕಡಿಮೆಯಾಗಿರುತ್ತದೆ. ಆ ಕ್ಷಣದಲ್ಲಿ ಎಡಗುಂಡಿನ ಚಲನಶಕ್ತಿ 24, ಬಲಗುಂಡಿನದು 4, ತಿರುಗುವ ರಾಟೆಯದು 11.2 ಜೂಲ್, ಕೂಡಿಸಿದರೆ ಅದೇ 39.2.