ರಾಗಿ ಬಿಸ್ಕತ್ತು ಕೊಳ್ಳುವ ಮುನ್ನ ಪೊಟ್ಟಣ ತಿರುಗಿಸಿ ನೋಡಿ

ಸಂಜೆಯ ಕಾಫಿಗೆ ಮೈದಾ ಬಿಸ್ಕತ್ತು ಬಿಟ್ಟು ರಾಗಿ ಬಿಸ್ಕತ್ತು ಹಿಡಿದವರು ನಮ್ಮ ನಡುವೆಯೂ ಹಲವರಿದ್ದಾರೆ. ಒಮ್ಮೆ ಪೊಟ್ಟಣದ ಹಿಂಬದಿ ಓದಿ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಮುದ್ರಿಸಬೇಕೆಂಬುದು ನಿಯಮ. ಹೆಚ್ಚು ಇರುವುದು ಮೊದಲು, ಕಡಿಮೆಯದು ಕೊನೆಗೆ. ಎಷ್ಟೋ ಪೊಟ್ಟಣಗಳಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆ ಮುಂದಿನ ಸಾಲಿನಲ್ಲಿ, ಪಾಪ ರಾಗಿ ಹಿಂದಿನ ಬೆಂಚಿನಲ್ಲಿ! 'ಸಂಸ್ಕರಿಸಿದ ಗೋಧಿ ಹಿಟ್ಟು' ಎಂದಿದ್ದರೂ ಅದು ಮೈದಾನೇ. ಮುಂಭಾಗದ ತೆನೆಯ ಚಿತ್ರಕ್ಕೆ ಮರುಳಾಗಬೇಡಿ.

ಪೋಷಕಾಂಶಗಳ ಪಟ್ಟಿಯನ್ನೂ ನೋಡಿ. 100 ಗ್ರಾಂಗೆ ಸಕ್ಕರೆ 25 ಗ್ರಾಂ ಎಂದಿದ್ದರೆ ನೀವು ತಿನ್ನುವುದರಲ್ಲಿ ಕಾಲು ಭಾಗ ಸಕ್ಕರೆಯೇ ಎಂದಾಯಿತು. ಉಪ್ಪಿನ ಪ್ರಮಾಣ ಸೋಡಿಯಂ ಹೆಸರಿನಲ್ಲಿ ಇರುತ್ತದೆ.

ಇಂಥ ಬಿಸ್ಕತ್ತಿಗಿಂತ ಒಂದು ಹಿಡಿ ಹುರಿಗಡಲೆ ಅಥವಾ ಹುರಿದ ಕಡಲೆಕಾಯಿ ಬೀಜ ಅಗ್ಗ, ಹೊಟ್ಟೆಗೂ ನಿಲ್ಲುತ್ತದೆ. ರಾಗಿಯೇ ಬೇಕೆಂದರೆ ಹುರಿಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ, ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು ಹಾಕಿ ಕುಡಿಯಿರಿ. ಬೆಲ್ಲ ಸುರಿದ ಮಾಲ್ಟ್ ಬೇಡ. ಮಧುಮೇಹ ಇರುವವರು ತೆಳ್ಳನೆಯ ಗಂಜಿಗಿಂತ ಸೊಪ್ಪು, ಕಾಳಿನ ಸಾರಿನೊಂದಿಗೆ ಚಿಕ್ಕ ಮುದ್ದೆ ಉಣ್ಣುವುದು ಮೇಲು. ಉಂಡ ಮೇಲೆ ಹತ್ತು ಹದಿನೈದು ನಿಮಿಷ ಅಡ್ಡಾಡಿ, ಟಿವಿ ಮುಂದೆ ಕೂರುವುದು ಆಮೇಲೆ.