418ನೇ ಲಾಟಿಗೆ ಇಬ್ಬರು ರೈತರು

"ತಮಾ, ಒಂದೇ ಲಾಟ್ ನಂಬರಿಗೆ ಇಬ್ಬರ ಹೆಸರು ಹ್ಯಾಂಗೆ ಬಂತೋ?"

ಹಿರಿಯ ಗುಮಾಸ್ತರು ಎರಡು ಚೀಟಿ ಹಿಡಿದು ನನ್ನ ಮೇಜಿನ ಹತ್ತಿರ ನಿಂತಿದ್ದರು. ಒಂದು ತೂಕದ ಶೆಡ್ಡಿನಲ್ಲಿ ಪ್ರಿಂಟ್ ಆದದ್ದು, ಇನ್ನೊಂದು ಆಫೀಸಿನಲ್ಲಿ. ಎರಡರಲ್ಲೂ ನಂಬರು 418. ಒಂದರಲ್ಲಿ ಚಾಲಿ ಅಡಿಕೆ, ಇನ್ನೊಂದರಲ್ಲಿ ಬೆಟ್ಟೆ ಅಡಿಕೆ. ರೈತರೂ ಬೇರೆ, ತೂಕವೂ ಬೇರೆ.

ಶಿರಸಿಯಲ್ಲಿ ಅಡಿಕೆ ವ್ಯಾಪಾರ ಮಾಡುವ ಒಂದು ಸಂಘದ ಕಂಪ್ಯೂಟರ್ ಕೆಲಸ ನಾನು ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಚೀಲಗಳು ಬರುತ್ತವೆ, ತೂಕ ಆಗುತ್ತದೆ, ಲಾಟ್ ನಂಬರ್ ಬೀಳುತ್ತದೆ, ಆಮೇಲೆ ಟೆಂಡರ್. ನಡುವೆ ಸರ್ವರ್ ನಿಂತರೆ ಅಂಗಳದಲ್ಲಿ ಗಾಡಿಗಳ ಸಾಲು. ಅದಕ್ಕೇ ಡೆಬಿಯನ್ ಲಿನಕ್ಸ್ ಹಾಕಿದ ಎರಡು ಯಂತ್ರ ಇಟ್ಟು ಕ್ಲಸ್ಟರ್ ಮಾಡಿದ್ದೆ. ಒಂದು ಕೆಟ್ಟರೆ ಇನ್ನೊಂದು ಕೆಲಸ ಎತ್ತಿಕೊಳ್ಳಬೇಕು, ಅಷ್ಟೇ ಉದ್ದೇಶ.

ಸಾಮಾನು ಎಲ್ಲರೂ ಬಳಸುವಂಥದ್ದೇ. ಎರಡು ಯಂತ್ರಗಳು "ಇದ್ದೀಯಾ?" ಎಂದು ಪರಸ್ಪರ ಕೇಳಿಕೊಳ್ಳಲು ಕೊರೊಸಿಂಕ್. ಯಾವ ಕೆಲಸ ಎಲ್ಲಿ ನಡೆಯಬೇಕೆಂದು ತೀರ್ಮಾನಿಸಲು ಪೇಸ್‌ಮೇಕರ್. ಡಿಸ್ಕಿನಲ್ಲಿ ಬರೆದದ್ದನ್ನು ನೆಟ್‌ವರ್ಕ್ ಮೇಲೆ ಇನ್ನೊಂದು ಯಂತ್ರಕ್ಕೂ ಬರೆಯಲು ಡಿಆರ್‌ಬಿಡಿ. ಅದರ ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಕೊನೆಗೆ ಒಂದು ತೇಲುವ ಐಪಿ ವಿಳಾಸ. ಕೆಲಸ ಯಾವ ಯಂತ್ರದಲ್ಲಿದೆಯೋ ಆ ವಿಳಾಸವೂ ಅಲ್ಲೇ ಇರುತ್ತದೆ, ಹಾಗಾಗಿ ಗುಮಾಸ್ತರ ಕಂಪ್ಯೂಟರಿನಲ್ಲಿ ಏನೂ ಬದಲಿಸಬೇಕಿಲ್ಲ.

ಒಂದು ಯಂತ್ರ ಆಫೀಸಿನಲ್ಲಿ, ಇನ್ನೊಂದು ಶೆಡ್ಡಿನ ಪಕ್ಕದ ಕೋಣೆಯಲ್ಲಿ. ನಡುವೆ ಒಂದೇ ಕೇಬಲ್. ಮತ್ತೆ ನಾನು ಮಾಡಿದ ದೊಡ್ಡ ತಪ್ಪು: ಉತ್ತರ ಕೊಡದ ಯಂತ್ರದ ಕರೆಂಟು ತೆಗೆಯುವ ಸ್ಟೋನಿತ್ ಎಂಬ ವ್ಯವಸ್ಥೆಯನ್ನು ಆಫ್ ಮಾಡಿಟ್ಟಿದ್ದೆ. ಆನ್ ಇದ್ದು, ಅದಕ್ಕೆ ಸಾಧನ ಏನೂ ಕೊಡದಿದ್ದರೆ ಪೇಸ್‌ಮೇಕರ್ ಯಾವ ಕೆಲಸವನ್ನೂ ಶುರು ಮಾಡುವುದಿಲ್ಲ. ಆಫ್ ಮಾಡಿದ ತಕ್ಷಣ ಎಲ್ಲ ಓಡುತ್ತದೆ. ಓಡಿತಲ್ಲ ಎಂದು ಬಿಟ್ಟುಬಿಟ್ಟೆ.

ಮೇ ತಿಂಗಳ ಗುಡುಗು ಮಳೆ ನಮ್ಮ ಕಡೆಯವರಿಗೆ ಗೊತ್ತೇ ಇದೆ. ಸಿಡಿಲಿಗೆ ಆ ಕೇಬಲ್ಲಿನ ತುದಿಯ ಡಬ್ಬಿ ಸುಟ್ಟುಹೋಯಿತು. ಎರಡೂ ಯಂತ್ರ ಆರೋಗ್ಯವಾಗಿದ್ದವು, ಮಾತು ಮಾತ್ರ ನಿಂತಿತು. ಶೆಡ್ಡಿನ ಯಂತ್ರ "ಆಫೀಸಿನದ್ದು ಸತ್ತಿದೆ" ಎಂದುಕೊಂಡು ಡೇಟಾಬೇಸ್ ಶುರು ಮಾಡಿತು, ಅದೇ ಐಪಿ ವಿಳಾಸವನ್ನೂ ಹಾಕಿಕೊಂಡಿತು. ಆಫೀಸಿನದ್ದು ತನ್ನ ಪಾಡಿಗೆ ನಡೆಯುತ್ತಲೇ ಇತ್ತು. ಇದಕ್ಕೆ ಸ್ಪ್ಲಿಟ್ ಬ್ರೇನ್ ಅನ್ನುತ್ತಾರೆ. ಎರಡೂ ಕಡೆ 417ರ ನಂತರ 418 ಬಂತು.

ಡಬ್ಬಿ ಬದಲಿಸಿದ ಮೇಲೂ ಡಿಆರ್‌ಬಿಡಿ ಜೋಡಿಸಿಕೊಳ್ಳಲಿಲ್ಲ. ಎರಡೂ ಕಡೆ ಬೇರೆ ಬೇರೆ ಬರೆದಿದೆ, ನಾನು ತೀರ್ಮಾನಿಸಲಾರೆ ಎಂದು ಸಂಪರ್ಕವನ್ನೇ ಕಡಿದುಕೊಂಡಿತು. ಅದು ಸರಿಯಾದ ನಡತೆ. ಒಂದು ಕಡೆಯದ್ದನ್ನು ಬಿಸಾಡು ಎಂದು ನಾವೇ ಹೇಳಬೇಕು. ಆ ಕಮಾಂಡ್ ಕೊಡುವ ಮುಂಚೆ ಶೆಡ್ಡಿನ ಡೇಟಾಬೇಸಿನ ಪೂರ್ತಿ ಪ್ರತಿ (ಡಂಪ್) ತೆಗೆದಿಟ್ಟೆ. ಹೀಗೆ ಸಿಕ್ಕಿಕೊಂಡವರು ದಯವಿಟ್ಟು ಇದನ್ನು ಮರೆಯಬೇಡಿ, ಬಿಸಾಡಿದ ಮೇಲೆ ಅದು ಹೋದ ಹಾಗೇ. ಶೆಡ್ಡಿನ 23 ಲಾಟುಗಳನ್ನು ಗುಮಾಸ್ತರು ಓದುತ್ತಾ ಹೋದರು, ನಾನು ಹೊಸ ನಂಬರಿನಲ್ಲಿ ಸೇರಿಸುತ್ತಾ ಹೋದೆ. ಮುಗಿದಾಗ ರಾತ್ರಿ. ಟೆಂಡರ್ ಮರುದಿನಕ್ಕೆ ಹೋಯಿತು. ದೂರದಿಂದ ಬಂದ ರೈತರು ಮತ್ತೆ ಬರಬೇಕಾಯಿತು ಎಂಬುದು ನನಗೆ ಇಂದಿಗೂ ನೋವಿನ ವಿಷಯ.

ಸ್ಟೋನಿತ್ ಅಂದರೆ 'ಶೂಟ್ ದಿ ಅದರ್ ನೋಡ್ ಇನ್ ದಿ ಹೆಡ್'. ಹೆಸರು ಕ್ರೂರ, ಆದರೆ ಕೆಲಸ ಅಗತ್ಯದ್ದು. ಇನ್ನೊಂದು ಯಂತ್ರದಿಂದ ಉತ್ತರ ಬರದಿದ್ದರೆ ಅದು ಸತ್ತಿದೆ ಎಂದು ಊಹಿಸುವುದಲ್ಲ, ಅದರ ಕರೆಂಟು ತೆಗೆದು ಖಾತ್ರಿ ಮಾಡಿಕೊಳ್ಳುವುದು. ಖಾತ್ರಿ ಆದ ಮೇಲೆಯೇ ಕೆಲಸ ಎತ್ತಿಕೊಳ್ಳಬೇಕು. ಖಾತ್ರಿ ಆಗದಿದ್ದರೆ ಸುಮ್ನೆ ಇರಬೇಕು. ಸರ್ವರ್ ನಿಂತರೆ ಚೀಟಿಯಲ್ಲಿ ಕೈಯಲ್ಲಿ ಬರೆಯಬಹುದು. ಎರಡು ಲೆಕ್ಕ ಹುಟ್ಟಿದರೆ ಯಾವುದನ್ನು ನಂಬುವುದು, ಅಲ್ವಾ?

ಎರಡನೇ ಸಲ ಮಾಡುವಾಗ ಮೊದಲು ಇದನ್ನೇ ಹಿಡಿದೆ. ಅನೇಕ ಸರ್ವರುಗಳ ಒಳಗೇ ಐಪಿಎಂಐ ಎಂಬ ವ್ಯವಸ್ಥೆ ಇರುತ್ತದೆ, ಅದರಿಂದ ಯಂತ್ರವನ್ನು ದೂರದಿಂದಲೇ ಆಫ್ ಮಾಡಬಹುದು. ಆದರೆ ಅದಕ್ಕೂ ಕರೆಂಟು ಅದೇ ಯಂತ್ರದ್ದು. ಯಂತ್ರಕ್ಕೆ ಕರೆಂಟು ಹೋದರೆ ಐಪಿಎಂಐ ಕೂಡ ಉತ್ತರ ಕೊಡುವುದಿಲ್ಲ, ಖಾತ್ರಿ ಸಿಗುವುದಿಲ್ಲ, ಕೆಲಸ ಇನ್ನೊಂದಕ್ಕೆ ಹೋಗುವುದು (ಫೇಲೋವರ್) ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ನೆಟ್‌ವರ್ಕಿನಿಂದ ಒಂದೊಂದೇ ಪ್ಲಗ್ ಆಫ್ ಮಾಡಬಹುದಾದ ಪವರ್ ಸ್ಟ್ರಿಪ್ ತರಿಸಿದೆ. ಪಿಡಿಯು ಎನ್ನುತ್ತಾರೆ. ಬೆಲೆ ಸ್ವಲ್ಪ ಜಾಸ್ತಿ. ಆಡಳಿತ ಮಂಡಳಿಯ ಮುಂದೆ 418ರ ಎರಡು ಚೀಟಿ ಇಟ್ಟೆ, ಒಪ್ಪಿದರು. ಇಡೀ ಕಟ್ಟಡದ ಕರೆಂಟು ಹೋದರೆ ಅದಕ್ಕೆ ಯುಪಿಎಸ್ ಮತ್ತು ಜನರೇಟರ್ ಇವೆ, ಕ್ಲಸ್ಟರಿನಿಂದ ಅದನ್ನು ನಿರೀಕ್ಷಿಸಬಾರದು.

ಎರಡೂ ಯಂತ್ರಗಳನ್ನು ಒಂದೇ ಕೋಣೆಗೆ ತಂದೆ. ಮಾತಿಗೆ ಎರಡು ದಾರಿ ಕೊಟ್ಟೆ: ಒಂದು ಸ್ವಿಚ್ ಮೂಲಕ, ಒಂದು ನೇರ ಕೇಬಲ್. ಎರಡೂ ದಾರಿ ಸತ್ತರೆ ಇಬ್ಬರೂ ಒಂದೇ ಕ್ಷಣಕ್ಕೆ ಒಬ್ಬರನ್ನೊಬ್ಬರು ಆಫ್ ಮಾಡುವ ಅಪಾಯ ಇದೆ. ಅದಕ್ಕೆ ಮೊದಲ ಯಂತ್ರವನ್ನು ಆಫ್ ಮಾಡುವ ಮುಂಚೆ 10 ಸೆಕೆಂಡು ಕಾಯಬೇಕೆಂದು ಹೇಳಿಟ್ಟಿದ್ದೇನೆ, ಅಷ್ಟರಲ್ಲಿ ಅದೇ ಎರಡನೆಯದನ್ನು ಆಫ್ ಮಾಡಿ ಉಳಿದುಕೊಳ್ಳುತ್ತದೆ. ಕಂಪ್ಯೂಟರ್ ಶುರುವಾದಾಗ ಪೋಸ್ಟ್‌ಗ್ರೆಸ್ ತಾನೇ ಏಳುವುದನ್ನು ಸಿಸ್ಟಮ್‌ಡಿಯಲ್ಲಿ (ಲಿನಕ್ಸಿನಲ್ಲಿ ಸೇವೆಗಳನ್ನು ಶುರು ಮಾಡುವ ಭಾಗ) ನಿಲ್ಲಿಸಿದೆ, ಅದನ್ನು ಎಬ್ಬಿಸುವುದು ಪೇಸ್‌ಮೇಕರ್ ಮಾತ್ರ. ಕ್ಲಸ್ಟರ್ ಸೇವೆಯನ್ನೂ ತಾನೇ ಶುರುವಾಗದಂತೆ ಇಟ್ಟೆ. ಆರಿದ ಯಂತ್ರ ಯಾಕೆ ಆರಿತು ಎಂದು ನೋಡದೆ ಒಳಗೆ ಬಿಟ್ಟುಕೊಳ್ಳಬಾರದು.

ಪರೀಕ್ಷೆಗೆ ಒಂದು ಭಾನುವಾರ ಪೂರ್ತಿ ಕೊಟ್ಟೆ. ಪ್ಲಗ್ ಕಿತ್ತೆ. ಕೇಬಲ್ ಕಿತ್ತೆ. ಲಿನಕ್ಸಿನ ತಿರುಳಾದ ಕರ್ನಲ್ಲನ್ನು ಬೇಕೆಂದೇ ಕ್ರ್ಯಾಶ್ ಮಾಡಿಸಿದೆ. ನೆಟ್‌ವರ್ಕ್ ಇಂಟರ್‌ಫೇಸನ್ನು ಕಮಾಂಡಿನಿಂದ ಡೌನ್ ಮಾಡಿ ಕೊರೊಸಿಂಕನ್ನು ಪರೀಕ್ಷಿಸಬೇಡಿ, ಅದು ನಿಜವಾದ ಕೇಬಲ್ ತೊಂದರೆಯ ಹಾಗೆ ಇರುವುದಿಲ್ಲ. ಫೈರ್‌ವಾಲ್‌ನಲ್ಲಿ ಹೋಗುವುದನ್ನೂ ಬರುವುದನ್ನೂ ತಡೆಯಿರಿ, ಇಲ್ಲವೇ ಕೈಯಿಂದ ಕೀಳಿರಿ. ಪ್ಲಗ್ ಕಿತ್ತದ್ದರಿಂದ ಡೇಟಾಬೇಸ್ ಮತ್ತೆ ಉತ್ತರ ಕೊಡುವವರೆಗೆ 28 ಸೆಕೆಂಡು ಆಯಿತು. ಕಡಿಮೆ ಮಾಡಲು ಹೋಗಲಿಲ್ಲ. ಉತ್ತರಕ್ಕೆ ಕಾಯುವ ಸಮಯ (ಟೈಮ್‌ಔಟ್) ತೀರಾ ಇಳಿಸಿದರೆ ನೆಟ್‌ವರ್ಕ್ ಒಮ್ಮೆ ತಡವರಿಸಿದರೂ ಯಂತ್ರ ಆರಿಹೋಗುತ್ತದೆ.

ಹೋದ ಮಳೆಗಾಲದಲ್ಲಿ, ತೂಕ ನಡೆಯುತ್ತಿರುವಾಗಲೇ, ಮೊದಲ ಯಂತ್ರದ ಪವರ್ ಸಪ್ಲೈ ಸುಟ್ಟಿತು. ನಾನು ಅಘನಾಶಿನಿ ಕಡೆ ಹೋಗಿದ್ದೆ, ಮೊಬೈಲಿಗೆ ಮೆಸೇಜ್ ಬಂತು. ಗುಮಾಸ್ತರಿಗೆ ಫೋನ್ ಮಾಡಿದೆ.

"ಹೌದು, ಅರ್ಧ ನಿಮಿಷ ಸ್ಕ್ರೀನ್ ನಿಂತಿತ್ತು. ಈಗ ಸರಿ ಇದ್ದು," ಅಂದರು.

"ಕಡೇ ಎರಡು ಚೀಟಿಯ ನಂಬರು ಓದಿ ಹೇಳಿ."

ಕಾಗದ ಸರಿಸುವ ಸದ್ದು ಕೇಳಿಸಿತು.

"212. ಅದರ ಮೇಲೆ 213."